ಹಣ್ಣು ಹೆಚ್ಚುವ ಕೈಗಳ ಚರಿತ್ರೆ

ಚಿತ್ರದುರ್ಗದ ಹಿರೇಗುಂಟನೂರೂ ಸೇರಿದ್ದ ಹಳೆಯ ಮೈಸೂರು ಸೀಮೆಯಲ್ಲಿ ಪಪ್ಪಾಯಿಗೆ ಪರಂಗಿ ಹಣ್ಣು ಎನ್ನುವುದುಂಟು. ಅರಬರು ಯುರೋಪಿನ ಫ್ರಾಂಕರನ್ನು ಕರೆದ ಹೆಸರೇ ಪರ್ಶಿಯನ್ನಿನಲ್ಲಿ ಫರಂಗಿಯಾಗಿ, ನಮ್ಮಲ್ಲಿ ಪರಂಗಿಯಾಯಿತು. ಹಣ್ಣಿನ ತವರು ಅಮೆರಿಕ. ಅದು ಸ್ಪೇನಿನವರ ನೆಲದಿಂದ ಫಿಲಿಪೈನ್ಸ್, ಮಲಾಕ್ಕಾ ಹಾದಿಯಾಗಿ ಭಾರತಕ್ಕೆ ಬಂತೆಂದು ಗೋವೆಯಲ್ಲಿದ್ದ ಡಚ್ಚ ಲಿನ್‌ಸ್ಕೋಟೆನ್ 1596ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಹಡಗುಗಳ ಕಥೆಯನ್ನು ಇತಿಹಾಸಕಾರರು ಬರೆದರು. ಆದರೆ ಬಂದಿಳಿದ ಅಪರಿಚಿತ ಹಣ್ಣನ್ನು ಮೊದಲ ಬಾರಿಗೆ ಈಳಿಗೆ ಮಣೆಯ ಮುಂದಿಟ್ಟುಕೊಂಡು ಕುಳಿತ ಹೆಂಗಸಿನ ಬಗ್ಗೆ ಯಾರೂ ಬರೆಯಲಿಲ್ಲ. ಕಾಯಿಯ ಸಿಪ್ಪೆಗೆ ಗೀರು ಹಾಕಿ ಹಾಲು ಸೋರಲು ಬಿಡಬೇಕು, ಹಣ್ಣಾದರೆ ಸೀಳಿ ಬೀಜ ಬಳಿದು ಹೋಳು ಮಾಡಬೇಕು ಎಂಬುದನ್ನು ಕಂಡುಕೊಂಡವರು ಅಡುಗೆಮನೆಯವರೇ. ಆ ಹಾಲಿನಲ್ಲಿರುವ ಪಪೇಯ್ನ್ ಎಂಬ ಕಿಣ್ವ ಮಾಂಸವನ್ನು ಮೆದುವಾಗಿಸುತ್ತದೆಂದು ಪ್ರಯೋಗಾಲಯ ಹೇಳುವ ಮೊದಲೇ ನಮ್ಮ ಮನೆಗಳಲ್ಲಿ ಪರಂಗಿಕಾಯಿ ಅರೆದು ಕಬಾಬಿನ ಮಾಂಸಕ್ಕೆ ಹಚ್ಚುತ್ತಿದ್ದರು.

ಹಲಸು ಮಾತ್ರ ಇಲ್ಲಿಯದೇ. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತ ಅದನ್ನು ಕಂಡು ಬೆರಗಾದವನು. ದನದ ಚರ್ಮದಂತಹ ಸಿಪ್ಪೆ, ಸೀಳಿದರೆ ಒಳಗೆ ನೂರರಿಂದ ಇನ್ನೂರು ತೊಳೆ, ಬೀಜ ಸುಟ್ಟರೆ ಅವರೆಯಂತಹ ರುಚಿ ಎಂದು ವಿವರವಾಗಿ ಬರೆದ. ಕೈಗೂ ಕತ್ತಿಗೂ ಎಣ್ಣೆ ಸವರದಿದ್ದರೆ ಮೇಣ ಅಂಟಿ ಫಜೀತಿಯಾಗುತ್ತದೆಂಬ ಮಾತು ಅವನಲ್ಲಿಲ್ಲ. ಬಿಡಿಸಿದ ತೊಳೆಯನ್ನಷ್ಟೇ ತಿಂದಿರಬೇಕು!

ಅನಾನಸು ಫರಂಗಿಗಳ ಬಂದರುಗಳಿಂದ ಬರುವುದೆಂದೂ ಆಗ್ರಾದ ಗುಲ್ ಅಫ್‌ಶಾನ್ ತೋಟದಲ್ಲಿ ವರ್ಷಕ್ಕೆ ಹಲವು ಸಾವಿರ ಬೆಳೆಯುತ್ತಿತ್ತೆಂದೂ ಜಹಾಂಗೀರ್ ದಾಖಲಿಸಿದ್ದಾನೆ. ಅದರ ಕಣ್ಣುಗಳು ಓರೆ ಸಾಲಿನಲ್ಲಿರುವುದರಿಂದ ಓರೆಯಾಗಿಯೇ ಗಾಡಿ ತೆಗೆದರೆ ತಿರುಳು ಪೋಲಾಗದು. ನಾಲಿಗೆಯ ಉರಿಗೆ ಚಿಟಿಕೆ ಉಪ್ಪು.

ಮಾವು ತಿನ್ನುವ ಎರಡು ಬಗೆಗಳನ್ನು ಬಾಬರ್ ತನ್ನ ಆತ್ಮಚರಿತ್ರೆಯಲ್ಲಿ ಹೇಳುತ್ತಾನೆ: ಹಿಸುಕಿ ತೂತು ಮಾಡಿ ರಸ ಹೀರುವುದು, ಇಲ್ಲವೇ ಸಿಪ್ಪೆ ಸುಲಿದು ತಿನ್ನುವುದು. ಐನೂರು ವರ್ಷವಾದರೂ ನಮ್ಮ ಮಕ್ಕಳಲ್ಲಿ ಇವೆರಡೇ ಪಂಗಡ. ಆದರೆ ಅವನ ಮನಸ್ಸಿದ್ದುದು ಕರಬೂಜದಲ್ಲಿ. ಒಮ್ಮೆ ಕರಬೂಜ ಕೊಯ್ದು ತಿನ್ನುವಾಗ ಕಾಬೂಲ್ ನೆನಪಾಗಿ ಕಣ್ಣೀರು ಬಂತೆಂದು 1529ರ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ. ಕರಬೂಜ ಎಂಬುದು ಪರ್ಶಿಯನ್ ಹೆಸರು. ಅದೇ ಹಣ್ಣು ಇಂದು ಅನೇಕ ಹಿಂದೂ ಮನೆಗಳಲ್ಲಿ ಬೆಲ್ಲ, ಏಲಕ್ಕಿ ಬೆರೆತು ರಾಮನವಮಿಯ ಪಾನಕವಾಗುತ್ತದೆ. ಅದರ ನಂಟ ಕಲ್ಲಂಗಡಿ ಆಫ್ರಿಕದ್ದು. ಬೇಸಿಗೆಯ ಇಫ್ತಾರ್ ತಟ್ಟೆಯಲ್ಲಿ ಖರ್ಜೂರದ ಪಕ್ಕ ಅದರ ಕೆಂಪು ಹೋಳುಗಳಿರುತ್ತವೆ.

2022ರಲ್ಲಿ ರಮಝಾನ್ ಉಪವಾಸ ಮತ್ತು ರಾಮನವಮಿ ಒಂದೇ ತಿಂಗಳಲ್ಲಿ ಬಂದವು. ಹಬ್ಬದ ಹಿಂದಿನ ದಿನ, ಏಪ್ರಿಲ್ 9ರಂದು, ಧಾರವಾಡದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಆವರಣದಲ್ಲಿ ವೃದ್ಧ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆಯಲಾಯಿತು. ಮುಸ್ಲಿಮರ ಬಳಿ ಹಣ್ಣು ಕೊಳ್ಳಬೇಡಿ ಎಂಬ ಕರೆಯೂ ಆ ದಿನಗಳಲ್ಲಿ ಕೇಳಿಬಂತು. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಹಣ್ಣಿನ ಬುಟ್ಟಿಯ ಮುಂದೆ ನಿಂತು ವಿಂಗಡಿಸುವವರು ಸೀತಾಫಲವನ್ನು ಯಾವ ಕಡೆ ಇಡುತ್ತಾರೋ ತಿಳಿಯದು. ಪರಂಗಿಯಂತೆ ಅದೂ ಅಮೆರಿಕ ಖಂಡದಿಂದ ಬಂದದ್ದೇ. ಒಂದಕ್ಕೆ ಬಿಳಿಯರ ಹೆಸರಿಟ್ಟ ಜನ ಇನ್ನೊಂದಕ್ಕೆ ಸೀತೆಯ ಹೆಸರಿಟ್ಟರು.

ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಅದು ಯಾರೂ ನೆಡದೆ, ನೀರುಣಿಸದೆ ಬೆಳೆಯುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಯ ಕಣ್ಣು ಬಿಟ್ಟಾಗ ಕಿತ್ತು ತಂದು ಹುಲ್ಲಿನಲ್ಲೋ ಅಕ್ಕಿಯಲ್ಲೋ ಹುದುಗಿಸಿಟ್ಟರೆ ಎರಡು ಮೂರು ದಿನಕ್ಕೆ ಹಣ್ಣಾಗುತ್ತದೆ. ಇದಕ್ಕೆ ಈಳಿಗೆ ಮಣೆಯೂ ಬೇಡ, ಚಾಕುವೂ ಬೇಡ. ಎರಡು ಹೆಬ್ಬೆರಳು ಒತ್ತಿದರೆ ತಾನಾಗಿಯೇ ಬಿರಿಯುತ್ತದೆ.