ಹಿವರೆ ಬಜಾರ್: ನೀರಿನ ಲೆಕ್ಕವಿಟ್ಟ ಗ್ರಾಮ

ಮಹಾರಾಷ್ಟ್ರದ ಅಹಮದ್‌ನಗರ (ಇಂದಿನ ಅಹಿಲ್ಯಾನಗರ) ಜಿಲ್ಲೆಯಲ್ಲಿರುವ ಹಿವರೆ ಬಜಾರ್, ಮಳೆಯ ಅಭಾವವನ್ನೇ ಕಂಡುಬಂದ ಸಣ್ಣ ಗ್ರಾಮ. 1972ರ ಘೋರ ಕ್ಷಾಮದ ತರುವಾಯ ಅಲ್ಲಿನ ಗುಡ್ಡಗಳು ಬೋಳಾಗಿ, ಬಾವಿಗಳು ಬತ್ತಿ, ಅನೇಕ ಕುಟುಂಬಗಳು ಕೂಲಿಯನ್ನರಸಿ ಪಟ್ಟಣ ಸೇರಿದವು. 1989ರಲ್ಲಿ ಪೋಪಟ್‌ರಾವ್ ಪವಾರ್ ಸರಪಂಚರಾದ ಮೇಲೆ, ಗ್ರಾಮಸ್ಥರು ಸರಕಾರದ ನೆರವಿನೊಡನೆ ಶ್ರಮದಾನ ಮಾಡಿ ಇಳಿಜಾರುಗಳಲ್ಲಿ ಕಂದಕ ತೋಡಿದರು, ಒಡ್ಡು ಕಟ್ಟಿದರು, ಸಸಿ ನೆಟ್ಟರು. ಹರಿದುಹೋಗುತ್ತಿದ್ದ ಮಳೆನೀರು ನೆಲಕ್ಕಿಳಿದು ಬಾವಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು.

ಆದರೆ ಆ ಗ್ರಾಮದ ಹಿರಿಮೆಯನ್ನು ನಾವು ಕಾಣುವುದು ಕಂದಕಗಳಲ್ಲಲ್ಲ, ಸಂಯಮದಲ್ಲಿ. ಮರ ಕಡಿಯುವುದನ್ನೂ ಗುಡ್ಡಕ್ಕೆ ದನ ಬಿಡುವುದನ್ನೂ ಗ್ರಾಮಸಭೆಯು ನಿಷೇಧಿಸಿತು. ಬೇಸಾಯಕ್ಕೆ ಕೊಳವೆಬಾವಿ ಕೂಡದು, ಕಬ್ಬು ಬಾಳೆಗಳನ್ನು ಬೆಳೆಯಕೂಡದು ಎಂದು ನಿರ್ಣಯಿಸಿತು. ಪ್ರತಿವರ್ಷವೂ ಬಿದ್ದ ಮಳೆಯನ್ನಳೆದು, ಜನಕ್ಕೂ ದನಕ್ಕೂ ಕುಡಿಯುವ ನೀರನ್ನು ಮೊದಲು ತೆಗೆದಿರಿಸಿ, ಉಳಿದುದರಲ್ಲಿ ಬೆಳೆಯನ್ನು ಗೊತ್ತುಪಡಿಸುವ ಪದ್ಧತಿಯೂ ಮುಂದೆ ರೂಢಿಗೆ ಬಂದಿತು. ವಲಸೆ ಹೋದವರಲ್ಲಿ ಅನೇಕರು ಹಿಂದಿರುಗಿದರು. 2020ರಲ್ಲಿ ಪವಾರರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು.

ಪ್ರಿಯ ಸಹೋದರ ಸಹೋದರಿಯರೇ, ಹೊಲಗಳಿಗೆ ಬೇಲಿಯುಂಟು, ಹೊಲದಡಿಯ ನೀರಿಗೆ ಬೇಲಿಯಿಲ್ಲ. ಒಬ್ಬನು ಆಳಕ್ಕೆ ಕೊರೆದರೆ ನೆರೆಯವನ ಬಾವಿ ಬತ್ತುತ್ತದೆ. ನೂರು ವರ್ಷಗಳನ್ನು ಸ್ಮರಿಸುತ್ತಿರುವ ನಾವು, ಮುಂದಿನ ನೂರು ವರ್ಷಗಳ ನೀರಿಗಾಗಿ ಏನನ್ನು ಬಿಟ್ಟುಕೊಡಲು ಸಿದ್ಧರಿದ್ದೇವೆಂದು ಒಟ್ಟಾಗಿ ಕುಳಿತು ಯೋಚಿಸೋಣ.