ನಲ್ ಪಾಯಿಂಟರ್: ‘ಇಲ್ಲ’ ಎಂಬುದರ ಇತಿಹಾಸ

ಗಣಕದ ಸ್ಮೃತಿಯಲ್ಲಿ ಪ್ರತಿಯೊಂದು ಕೋಶಕ್ಕೂ ಒಂದು ವಿಳಾಸವಿರುತ್ತದೆ. ಈ ವಿಳಾಸವನ್ನು ಹಿಡಿದಿಟ್ಟುಕೊಳ್ಳುವುದೇ ಪಾಯಿಂಟರ್. ಬೇಡಕಿಹಾಳದ ಮನೆಯೊಂದಕ್ಕೆ ಅಂಚೆ ಕಾರ್ಡು ಬರೆಯುತ್ತೀರಿ ಎನ್ನಿ. ವಿಳಾಸ ಸರಿಯಿದ್ದೂ ಮನೆ ಖಾಲಿ ಇರಬಹುದು. ಅಥವಾ ಕಾರ್ಡಿನ ಮೇಲೆ ವಿಳಾಸವನ್ನೇ ಬರೆಯದಿರಬಹುದು. ಇವೆರಡೂ ಬೇರೆ ಬೇರೆ ಸಂಗತಿಗಳು. ಎರಡನೆಯದೇ ನಲ್ ಪಾಯಿಂಟರ್.

ಈ ಕಲ್ಪನೆಯನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಸೇರಿಸಿದವರು ಬ್ರಿಟನ್ನಿನ ಟೋನಿ ಹೋರ್. ಅಳವಡಿಸುವುದು ಸುಲಭವಿತ್ತು, ಆದ್ದರಿಂದ ಸೇರಿಸಿದೆ. ಅದು ನೂರು ಕೋಟಿ ಡಾಲರಿನ ತಪ್ಪು ಎಂದು 2009ರಲ್ಲಿ ಅವರೇ ಹೇಳಿದರು. 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ನಲ್‌ನ ಬಳಕೆ ವ್ಯಾಪಕವಾಯಿತು. ಕೇಳಿದಷ್ಟು ಸ್ಮೃತಿ ದೊರೆಯದಿದ್ದರೆ ‘ಮ್ಯಾಲಾಕ್’ ನಲ್ ಅನ್ನು ಹಿಂದಿರುಗಿಸುತ್ತದೆ. ಪರೀಕ್ಷಿಸುವ ಹೊಣೆ ಕೇಳಿದವರದು.

ಬೇರೆ ಭಾಷೆಗಳಿಂದ ಸಿ ಲೈಬ್ರರಿಗಳನ್ನು ಕರೆಯತೊಡಗಿದಾಗ ತೊಡಕು ಹೆಚ್ಚಿತು. 2006ರಲ್ಲಿ ಪೈಥಾನ್ 2.5ರೊಂದಿಗೆ ‘ಸಿಟೈಪ್ಸ್’ ಬಂದಿತು. ಇದರ ಮೂಲಕ ಪೈಥಾನಿನ ‘ನನ್’ ಸಿ ಭಾಷೆಗೆ ನಲ್ ಆಗಿ ತಲುಪುತ್ತದೆ. ಸಿ ಭಾಷೆಯ ‘ಗೆಟ್‌ಎನ್ವ್’ ಕೇಳಿದ ಹೆಸರು ಇಲ್ಲದಿದ್ದರೆ ನಲ್ ಕೊಡುತ್ತದೆ. ಹೆಸರಿದ್ದು ಬೆಲೆ ಖಾಲಿಯಿದ್ದರೆ ಖಾಲಿ ಪದಸರಣಿ ಕೊಡುತ್ತದೆ. ಫಲಿತಾಂಶದ ಬಗೆ ಅಕ್ಷರಗಳ ಪಾಯಿಂಟರ್ ಎಂದು ಮೊದಲೇ ಘೋಷಿಸಿದ್ದರೆ ಈ ಭೇದ ಪೈಥಾನಿನಲ್ಲೂ ಉಳಿಯುತ್ತದೆ. ಆದರೆ ಉದ್ದ ಅಳೆಯುವ ‘ಸ್ಟ್ರ್‌ಲೆನ್’ಗೆ ‘ನನ್’ ಕೊಟ್ಟು ನೋಡಿ: ಲಿನಕ್ಸ್‌ನಲ್ಲಿ ದೋಷದ ಸಂದೇಶವನ್ನು ಹಿಡಿಯಲು ಪೈಥಾನಿಗೆ ಅವಕಾಶವೇ ಇರದು, ಇಡೀ ಕ್ರಮವಿಧಿ ನಿಂತುಹೋಗುತ್ತದೆ.

2015ರಲ್ಲಿ 1.0 ಆವೃತ್ತಿ ಕಂಡ ರಸ್ಟ್ ಭಾಷೆ ಬೇರೆ ದಾರಿ ಹಿಡಿಯಿತು. ಅಲ್ಲಿ ಸಾಮಾನ್ಯ ನಿರ್ದೇಶನ ಎಂದೂ ನಲ್ ಆಗದು. ‘ಇಲ್ಲದಿರಬಹುದು’ ಎಂಬುದನ್ನು ‘ಆಪ್ಷನ್’ ಎಂದು ಬಗೆಯಲ್ಲೇ ಬರೆಯಬೇಕು. ಪರೀಕ್ಷಿಸದೆ ಒಳಗಿನ ಬೆಲೆ ಕೈಗೆ ಸಿಗದು.

ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆ ಹಾರ್ಫ್‌ಬಝ್. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಲೈಬ್ರರಿ ಇದು. ಹೊರಗಿನ ಭಾಷೆಗಳು ಇದನ್ನು ಸಿ ಮಾದರಿಯ ಕರೆಗಳ ಮೂಲಕ ಬಳಸುತ್ತವೆ. ಹೊಸ ವಸ್ತುವನ್ನು ಸೃಷ್ಟಿಸಲಾಗದಿದ್ದರೆ ಇದು ನಲ್ ಕೊಡುವುದಿಲ್ಲ; ಏನನ್ನೂ ಮಾಡದ ಒಂದು ಖಾಲಿ ವಸ್ತುವನ್ನು ಕೊಡುತ್ತದೆ. ಅಂದರೆ ವಿಳಾಸವಿದೆ, ಮನೆ ಮಾತ್ರ ಖಾಲಿ. ಇದರಿಂದ ಕ್ರಮವಿಧಿ ಕುಸಿಯದು. ಆದರೆ ಪರದೆಯ ಮೇಲೆ ಅಕ್ಷರಗಳು ಸದ್ದಿಲ್ಲದೆ ಕಾಣೆಯಾಗಬಹುದು. ಆದ್ದರಿಂದ ಸ್ಮೃತಿ ದೊರೆಯಿತೇ ಎಂದು ಕೇಳುವ ಪ್ರತ್ಯೇಕ ಕರೆಯನ್ನೂ ಅದರಲ್ಲಿ ಇಟ್ಟಿದ್ದಾರೆ. ‘ಇಲ್ಲ’ವನ್ನು ಹೇಗೆ ಸೂಚಿಸಿದರೂ ಅದನ್ನು ವಿಚಾರಿಸುವ ಕೆಲಸ ತಪ್ಪುವುದಿಲ್ಲ.