ಕಾಲಿನ ಕೆಲಸ

ಕೋಲಾರ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಆಗಲೂ ಸಂಗೀತದ ಪೆಟ್ಟಿಗೆಗೆ ಗಾಳಿ ತುಂಬಲು ಕಾಲೋ ಕೈಯೋ ಬೇಕೇ ಬೇಕಿತ್ತು. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕೂತು ಕೈಯಿಂದಲೇ ಗಾಳಿಯೊತ್ತುವ ಹಾಗೆ ಮಾರ್ಪಡಿಸಿದರು. ನಮ್ಮ ನಾಟಕ ಕಂಪನಿಗಳು ಮಾತ್ರ ಕಾಲು ಹಾರ್ಮೋನಿಯಂ ಬಿಡಲಿಲ್ಲ. ಎರಡೂ ಕೈ ಸ್ವರಕ್ಕೆ ಸಿಗುತ್ತಿದ್ದವಲ್ಲ! ಹೊಲಿಗೆ ಯಂತ್ರ ತುಳಿದ ನಮಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂಗಾರಪೇಟೆಯಲ್ಲಿ ಮದುವೆ, ಪ್ರಾರ್ಥನೆಗಳಿಗೆ ಕೀಬೋರ್ಡ್ ನುಡಿಸುತ್ತಾಳೆ. 2001ರಲ್ಲಿ ಗಣಿ ಮುಚ್ಚಿ ತಂದೆಯ ಕೆಲಸ ಹೋದ ಮನೆ ಅದು. ಈಗ ಇವಳ ಸಂಪಾದನೆಯೇ ಆಧಾರ. ಅವಳ ಪೆಟ್ಟಿಗೆಗೆ ಸ್ವಂತ ದನಿಯಿಲ್ಲ. 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಪದ್ಧತಿಯಂತೆ ಅದು ಅಂಕಿಗಳನ್ನಷ್ಟೇ ಕಳಿಸುತ್ತದೆ. ದನಿ ಹೊರಡುವುದು ಕಂಪ್ಯೂಟರಿನಿಂದ. ಒಂದು ಗುಂಡಿಗೆ ಪಿಟೀಲು, ಇನ್ನೊಂದಕ್ಕೆ ಆರ್ಗನ್ ಎಂದು ಅವಳೇ ಗೊತ್ತು ಮಾಡಿದ್ದಾಳೆ. ಪೆಡಲಿಗೆ 64 ಎಂಬ ಸಂಖ್ಯೆ ಕೊಟ್ಟಿದ್ದರಿಂದ ಬೆರಳೆತ್ತಿದ ಮೇಲೂ ಸ್ವರ ಎಳೆದುಕೊಂಡೇ ಇರುತ್ತಿತ್ತು.

“ನಿನ್ನ ಪೆಟ್ಟಿಗೆ ಉಸಿರೇ ತಗೊಳ್ಳಲ್ವಲ್ಲಮ್ಮ, ನಾವು ಹೆಂಗೆ ಹಾಡೋದು?” ಎಂದು ಪ್ರಾರ್ಥನೆಯ ಅಜ್ಜಿಯರು ಗೊಣಗಿದರಂತೆ. ಮುಂದಿನ ವಾರ ಕರೆಯುತ್ತಾರೋ ಇಲ್ಲವೋ ಎಂದು ಇವಳಿಗೆ ದಿಗಿಲು. ಏರಿಳಿಸುವ ಪೆಡಲೊಂದನ್ನು ತಂದು, ಅದಕ್ಕೆ 11 ಎಂಬ ಸಂಖ್ಯೆ ಕೊಟ್ಟು, ಹಿಮ್ಮಡಿ ಒತ್ತಿದರೆ ದನಿ ಸೊನ್ನೆಗಿಳಿಯುವಂತೆ ಮಾಡಿದಳು. ಈಗ ಪ್ರತಿ ಸಾಲಿನ ಕೊನೆಗೆ ಹಿಮ್ಮಡಿ ಒತ್ತುತ್ತಾಳೆ, ಅಜ್ಜಿಯರು ಉಸಿರೆಳೆದುಕೊಳ್ಳುತ್ತಾರೆ.